ಸದರಿ ಗೋಡೆಯನ್ನು ಒಡೆಯತಕ್ಕದ್ದು



ಪೋಸ್ಟ್ ಉದ್ದ ಇದೆ, ಗೊತ್ತು. ಅದಕ್ಕೇ ನಂಬರ್ ಹಾಕಿದ್ದೀನಿ. ಒಂದೇ ಸಲಕ್ಕೆ ಓದಬೇಕು ಅಂತೇನಿಲ್ಲ. ಇವತ್ತು ಎರಡು, ನಾಳೆ ಎರಡು ಓದಿ. ಸುಸ್ತಾದ್ರೆ ಮನೇಲಿ ಯಾರಿಗಾದ್ರೂ ಓದಿ ಹೇಳಕ್ಕೆ ಹೇಳಿ. ತುರ್ತಾಗಿ ಯಾವುದೋ ನೋಟಿಸ್ ಕೈಲಿ ಹಿಡ್ಕೊಂಡಿದ್ರೆ ಸೀದಾ 7ಕ್ಕೆ ಹೋಗಿ.

1.

ಹೋದ ವಾರ ರಾಜಾಜಿನಗರದಲ್ಲಿ ಒಂದು ಕಾರ್ಯಕ್ರಮ. ಭಾಷಣ ಮಾಡಿದವರು ನಮ್ಮವರೇ, ಒಳ್ಳೆ ಮನುಷ್ಯ, ಹೋರಾಟದಲ್ಲಿ ಕೂದಲು ಬೆಳ್ಳಗಾದವರು. ಮೈಕ್ ಹಿಡಿದು ಹೇಳಿದ್ರು: "ಬಾಬಾಸಾಹೇಬರು ದಿನಕ್ಕೆ ಹದಿನೆಂಟು ಗಂಟೆ ಓದ್ತಿದ್ರು. ನೀವು ಎರಡು ಪುಟ ಓದಲ್ಲ. ಬರೀ ರೀಲ್ಸ್ ನೋಡ್ತೀರ. ನಾಚಿಕೆ ಆಗಬೇಕು ನಿಮಗೆ!"

ಮುಂದಿನ ಸಾಲಿನವರು ಚಪ್ಪಾಳೆ ಹೊಡೆದ್ರು. ನಾನು ಹಿಂದಿನ ಸಾಲಲ್ಲಿದ್ದೆ. ಅಲ್ಲಿ ಯಾರೂ ಹೊಡೀಲಿಲ್ಲ. ಶ್ರೀರಾಂಪುರದಿಂದ ಬಂದಿದ್ದ ಪಿಯುಸಿ ಹುಡುಗಿಯೊಬ್ಬಳು ತಲೆ ತಗ್ಗಿಸಿ ಚಪ್ಪಲಿ ನೋಡ್ತಾ ಕೂತಳು.

ಕಾರ್ಯಕ್ರಮ ಮುಗಿದ ಮೇಲೆ ಪೌರಕಾರ್ಮಿಕ ಹೆಂಗಸೊಬ್ಬರು ನನ್ನ ಪಕ್ಕಕ್ಕೆ ಕರ್ಕೊಂಡು ಹೋದ್ರು. ಸೆರಗಿನ ಒಳಗಿಂದ ನಾಲ್ಕು ಮಡಿಕೆ ಮಡಚಿದ್ದ ಕಾಗದ ತೆಗೆದ್ರು. "ಅಕ್ಕಾ, ಇದ್ರಾಗೆ ಏನ್ ಬರ್ದವ್ರೆ ನೋಡ್ತೀಯಾ? ಮೂರು ದಿನದಿಂದ ಓದ್ತಾ ಇವ್ನಿ. ಅರ್ಧಕ್ಕೆ ಬಂದ್ರೆ ಮೊದಲಿನದು ಮರ್ತೋಯ್ತದೆ. ಈಗ ಆ ಸಾರು ನಾಚಿಕೆ ಆಗ್ಬೇಕು ಅಂದ್ರಲ್ಲ, ಕೇಳಕ್ಕೇ ಭಯ ಆಯ್ತು."

ಗಮನಿಸಿ. ಈ ಅಕ್ಕ ಏಳನೇ ಕ್ಲಾಸ್ ಪಾಸಾದವರು. ಬಸ್ ಬೋರ್ಡ್ ಓದ್ತಾರೆ, ಮಗನ ಮಾರ್ಕ್ಸ್ ಕಾರ್ಡ್ ಓದ್ತಾರೆ, ಸಂಬಳದ ಚೀಟಿ ಓದ್ತಾರೆ. ಅವರಿಗೆ ಅಕ್ಷರ ಬರುತ್ತೆ.

ಆ ಕಾಗದ ಒಂದು ಕಚೇರಿಯಿಂದ ಬಂದ ನೋಟಿಸ್. ಮನೆ ಹಂಚಿಕೆ ವಿಷಯ. ಒಂದೂಕಾಲು ಪುಟ, ಒಂದೇ ಪ್ಯಾರಾ. ಒಂದು ವಾಕ್ಯ ಎಣಿಸಿದೆ: ಹದಿನಾಲ್ಕು ಸಾಲು. ಆ ಹದಿನಾಲ್ಕರಲ್ಲಿ ಹನ್ನೊಂದನೇ ಸಾಲಲ್ಲಿ ಅಡಗಿ ಕೂತಿತ್ತು ವಿಷಯ: ಏಳು ದಿನದೊಳಗೆ ದಾಖಲೆ ಕೊಡದಿದ್ರೆ ಪಟ್ಟಿಯಿಂದ ಹೆಸರು ತೆಗೀತೀವಿ ಅಂತ.

ಅವತ್ತು ಐದನೇ ದಿನ.

ನಾಚಿಕೆ ಯಾರಿಗೆ ಆಗಬೇಕು ಅಂತ ಆಗಲೇ ತೀರ್ಮಾನ ಮಾಡಿದೆ. ಈ ಪೋಸ್ಟ್ ಬರೀತಿರೋದು ಅದಕ್ಕೇ.

2.

ಮೊದಲು ನನ್ನದೇ ಹೇಳ್ತೀನಿ. ಮೈಕ್ ಹಿಡಿದು ಮಾತಾಡೋ ನನಗೂ ಉದ್ದದ ಪ್ಯಾರಾ ಓದಕ್ಕಾಗಲ್ಲ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಒಂದು ಸಾಲು ಮುಗಿದು ಮುಂದಿನದಕ್ಕೆ ಹೋಗುವಾಗ ಕಣ್ಣು ಜಾರಿ ಇನ್ನೊಂದು ಸಾಲಿಗೆ ಬೀಳುತ್ತೆ. ಓದಿದ್ದೇ ಓದ್ತೀನಿ. ಒತ್ತಕ್ಷರಗಳು ಒಂದರ ಮೇಲೊಂದು ಹತ್ತಿ ಕೂತಂಗೆ ಕಾಣ್ತವೆ. ಅದರಲ್ಲೂ ಅರ್ಕಾವೊತ್ತು! 'ಸರ್ಕಾರ', 'ಅರ್ಜಿ', 'ವರ್ಗ', 'ನಿರ್ಧಾರ'... ಬಾಯಲ್ಲಿ ರಕಾರ ಮೊದಲು ಬರುತ್ತೆ, ಕಾಗದದಲ್ಲಿ ಆ ಗುರುತು ಅಕ್ಷರ ಆದ ಮೇಲೆ ಕೂತಿರುತ್ತೆ. ಚಿಕ್ಕವಳಿದ್ದಾಗ ನಾನು 'ಸಕಾರ' ಅಂತಲೇ ಓದ್ತಿದ್ದೆ. ದೊಡ್ಡವಳಾದ ಮೇಲೆ ಗೊತ್ತಾಯ್ತು, ದಲಿತರ ಪಾಲಿಗೆ ಬರೋ ಅಷ್ಟೂ ಕಾಗದದಲ್ಲಿ ಈ ಪದಗಳೇ ತುಂಬಿರ್ತವೆ ಅಂತ.

ಶಾಲೇಲಿ ಪದ್ಯ ಓದಕ್ಕೆ ನನಗೆ ಕಷ್ಟ ಇರಲಿಲ್ಲ. ಸಾಲು ಚಿಕ್ಕದು, ಮಧ್ಯೆ ಜಾಗ, ರಾಗ ಬೇರೆ. ಗದ್ಯ ಬಂದ್ರೆ ಕೈ ಬೆವರ್ತಿತ್ತು. ಎದ್ದು ನಿಂತು ಓದು ಅಂದಾಗ ಮೂರನೇ ಸಾಲಿಗೆ ತೊದಲ್ತಿದ್ದೆ. ಮೇಷ್ಟ್ರು ಒಂದು ದಿನ ಬೈಯ್ಯಲೂ ಇಲ್ಲ, ಹೊಡೆಯಲೂ ಇಲ್ಲ. ತುಂಬ ಕನಿಕರದಿಂದ ಹೇಳಿದ್ರು: "ಕೂತ್ಕೋ ಬಿಡಮ್ಮ. ನಿಮ್ಮವರಿಗೆ ಇದೆಲ್ಲಾ ಹತ್ತಲ್ಲ."

ನಿಮ್ಮವರಿಗೆ. ಆ ಒಂದು ಪದ ಮಾತ್ರ ಒಂದೇ ಏಟಿಗೆ ಅರ್ಥ ಆಯ್ತು ನನಗೆ.

3.

ಆಮೇಲೆ ಸುಮಾರು ವರ್ಷ ಕಳೀತು. ನಮ್ಮಮ್ಮ ಬಸವೇಶ್ವರನಗರದಲ್ಲಿ ಒಂದು ಮನೆ ಕೆಲಸಕ್ಕೆ ಹೋಗ್ತಿದ್ರು. ಆ ಮನೆ ಹುಡುಗನಿಗೂ ಇದೇ ತೊಂದರೆ. ಸಾಲು ಜಾರೋದು, ಅಕ್ಷರ ಕಲಸೋದು, ಓದು ಅಂದ್ರೆ ಅಳೋದು. 'ತಾರೇ ಜಮೀನ್ ಪರ್' ಸಿನಿಮಾ ಬಂದ ಕಾಲ ಅದು, 2007ರ ಆಸುಪಾಸು. ಅವರ ಮನೆಯವರು ಡಾಕ್ಟರ್ ಹತ್ರ ಕರ್ಕೊಂಡು ಹೋದ್ರು, ಟೆಸ್ಟ್ ಮಾಡಿಸಿದ್ರು, ಡಿಸ್ಲೆಕ್ಸಿಯಾ ಅಂತ ಹೆಸರು ಬಂತು. ಮನೆಗೇ ಬಂದು ಕಲಿಸೋ ಟೀಚರ್ ಸಿಕ್ಕಿದ್ರು. ಆ ಹುಡುಗ ಚೆನ್ನಾಗಿ ಓದಿ ಇಂಜಿನಿಯರ್ ಆದ. ಸಂತೋಷ. ಎಲ್ಲಾ ಮಕ್ಕಳಿಗೂ ಹಂಗೇ ಆಗಲಿ.

ನನ್ನ ಪ್ರಶ್ನೆ ಒಂದೇ. ಅದೇ ಕಣ್ಣು, ಅದೇ ಜಾರೋ ಸಾಲು. ಅವನಿಗೆ ಅದು ಡಿಸ್ಲೆಕ್ಸಿಯಾ ಆಯ್ತು, ನನಗೆ ಅದು ಜಾತಿ ಆಯ್ತು. ಅವನಿಗೆ ಟೀಚರ್ ಬಂದ್ರು. ನನಗೆ ಹಿಂದಿನ ಬೆಂಚ್ ಬಂತು.

ಈಗ ಕಾನೂನು ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸುತ್ತೆ, ಅದರಲ್ಲಿ ಕಲಿಕೆಯ ನ್ಯೂನತೆಯೂ ಒಂದು. ಡಿಸ್ಲೆಕ್ಸಿಯಾ ಅದರೊಳಗೇ ಬರುತ್ತೆ. ಆದ್ರೆ ಸರ್ಟಿಫಿಕೇಟ್ ಬೇಕು ಅಂದ್ರೆ ಮೊದಲು ಯಾರಾದ್ರೂ 'ಈ ಮಗು ದಡ್ಡ ಅಲ್ಲ, ಬೇರೆ ಏನೋ ಇದೆ' ಅಂತ ಅನುಮಾನ ಪಡಬೇಕು. ನಮ್ಮ ಮಕ್ಕಳ ವಿಷಯದಲ್ಲಿ ಆ ಅನುಮಾನವೇ ಹುಟ್ಟಲ್ಲ. ಉತ್ತರ ಮೊದಲೇ ಸಿದ್ಧ ಇರುತ್ತೆ: 'ನಿಮ್ಮವರಿಗೆ ಹತ್ತಲ್ಲ.'

ಓದಕ್ಕೆ ಕಷ್ಟ ಪಡೋ ಎಲ್ಲರಿಗೂ ಡಿಸ್ಲೆಕ್ಸಿಯಾ ಇದೆ ಅಂತ ನಾನು ಹೇಳ್ತಿಲ್ಲ. ಕೆಲವರಿಗೆ ಕನ್ನಡಕ ಬೇಕು, ದುಡ್ಡಿಲ್ಲ. ಕೆಲವರ ಮನೇಲಿ ಓದಿದ ಮೊದಲ ತಲೆಮಾರು. ಬೆಳಿಗ್ಗೆ ಐದಕ್ಕೆ ಪೊರಕೆ ಹಿಡಿದ ಕಣ್ಣಿಗೆ ರಾತ್ರಿ ಹತ್ತಕ್ಕೆ ಎಂಥ ಸಾಲೂ ನಿಲ್ಲಲ್ಲ. ಕಾರಣ ಹತ್ತಿರಬಹುದು. ಎದುರಿಗಿರೋ ಗೋಡೆ ಮಾತ್ರ ಒಂದೇ.

4.

ಈ ಗೋಡೆ ಕಟ್ಟಿದ್ದು ಯಾರು?

ಹಳೇ ಶಾಸನ, ತಾಳೆಗರಿ ನೋಡಿ. ಪದ ಪದದ ಮಧ್ಯೆ ಜಾಗ ಇರಲ್ಲ. ಅಕ್ಷರ ಒಂದಕ್ಕೊಂದು ಅಂಟಿಕೊಂಡು ಸಾಲುಗಟ್ಟಲೆ ಹೋಗ್ತವೆ. ಯಾಕಂದ್ರೆ ಓದೋವನು ಮೊದಲೇ ಗುರುವಿನ ಬಾಯಲ್ಲಿ ಕೇಳಿರ್ತಿದ್ದ. ಹೊಸಬ ಬಂದು ತಾನೇ ಓದಿಕೊಳ್ಳಲಿ ಅನ್ನೋ ಯೋಚನೆಯೇ ಅಲ್ಲಿರಲಿಲ್ಲ. ಕೇಳೋ ಹಕ್ಕೇ ಇಲ್ಲದ ನಮ್ಮ ಅಜ್ಜ ಮುತ್ತಜ್ಜರ ಮಾತು ಬಿಡಿ.

ಅಚ್ಚಿನ ಮಿಷನ್ ಬಂತು. ಪದದ ಮಧ್ಯೆ ಜಾಗ ಬಂತು, ಪೂರ್ಣವಿರಾಮ ಬಂತು, ಪ್ಯಾರಾ ಬಂತು. ಪುಸ್ತಕ ಬದಲಾಯ್ತು, ಪೇಪರ್ ಬದಲಾಯ್ತು. ಬದಲಾಗದೇ ಉಳಿದಿದ್ದು ಕಚೇರಿ ಕಾಗದ. ಒಂದು ಕ್ರಯಪತ್ರ ತೆಗೆದು ನೋಡಿ. 'ಸದರಿ', 'ಮೇಲ್ಕಂಡ', 'ವಂಶಪಾರಂಪರ್ಯವಾಗಿ', 'ಅನುಭವಿಸಿಕೊಂಡು ಬರತಕ್ಕದ್ದು'. ಮೂರು ಪುಟಕ್ಕೆ ಉಸಿರು ಬಿಡಕ್ಕೆ ಜಾಗ ಇಲ್ಲ. ಕೇಳಿದ್ರೆ ಹೇಳ್ತಾರೆ, ಖಾಲಿ ಜಾಗ ಬಿಟ್ರೆ ಯಾರಾದ್ರೂ ಮಧ್ಯೆ ಏನಾದ್ರೂ ಸೇರಿಸಿಬಿಡ್ತಾರೆ ಅಂತ. ಒಪ್ಪೋಣ. ಹಂಗಾದ್ರೆ ಪ್ರತಿ ಅಂಶಕ್ಕೂ ನಂಬರ್ ಹಾಕಿ, ಖಾಲಿ ಜಾಗಕ್ಕೆ ಗೆರೆ ಎಳೀರಿ. ಅದಕ್ಕೆ ಕಷ್ಟ ಏನು?

ಮಾಗಡಿ ಕಡೆ ನಮ್ಮಜ್ಜನಿಗೆ ಸರ್ಕಾರ ಕೊಟ್ಟ ಎರಡು ಎಕರೆ ಇತ್ತು. ಸಾಲದ ಪತ್ರ ಅಂತ ಹೆಬ್ಬೆಟ್ಟು ಒತ್ತಿದ. ಅದು ಕ್ರಯಪತ್ರ ಆಗಿತ್ತು. ನಮ್ಮೊಂದು ಮನೆ ಕತೆಯಲ್ಲ ಇದು. ಇಂಥ ಜಮೀನು ಕೈ ತಪ್ಪಿದ್ದು ರಾಜ್ಯದ ತುಂಬ ಇದ್ದಿದ್ದಕ್ಕೇ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂದಿದ್ದು. ಆಮೇಲೆ ತುಂಬ ತಡ ಮಾಡಿ ಬಂದಿದ್ದೀರಿ ಅಂತ ಕೋರ್ಟುಗಳಲ್ಲಿ ಎಷ್ಟೋ ಅರ್ಜಿ ಬಿದ್ದುಹೋದವು. ಕಾಲಮಿತಿ ಅನ್ನೋದು ಅಡ್ಡ ಬರಬಾರದು ಅಂತ ತಿದ್ದುಪಡಿ ಆಗಿದ್ದು 2023ರಲ್ಲಿ. ತಡ ಯಾಕಾಯ್ತು? ಏನು ಬರೆದಿದೆ ಅಂತ ಗೊತ್ತಾಗಕ್ಕೇ ಒಂದು ತಲೆಮಾರು ಬೇಕಾಯ್ತು, ಅದಕ್ಕೆ!

ನಮ್ಮ ರಾಜಾಜಿನಗರದಲ್ಲೂ ಬ್ಲಾಕ್‌ಗಳಿವೆ. ಒಂದನೇ ಬ್ಲಾಕ್, ಎರಡನೇ ಬ್ಲಾಕ್, ಮೂರನೇ ಬ್ಲಾಕ್. ಆದ್ರೆ ಒಳಗೆ ಮುಖ್ಯರಸ್ತೆ ಇದೆ, ಅಡ್ಡರಸ್ತೆ ಇದೆ, ಪ್ರತಿ ಮನೆಗೂ ನಂಬರ್ ಇದೆ. ಹೊಸಬರೂ ಕೇಳ್ಕೊಂಡು ಹುಡುಕಿ ಹೋಗಬಹುದು. ಅಡ್ಡರಸ್ತೆಯೇ ಇಲ್ಲದ ಬಡಾವಣೆ ಯಾರಾದ್ರೂ ಕಟ್ತಾರಾ? ನಿಮ್ಮ ನೋಟಿಸ್ ಅಂಥ ಬಡಾವಣೆ.

5.

'ಪ್ಯಾರಾ ಒಡೆಯೋದೂ ಒಂದು ಹೋರಾಟಾನಾ?' ಅಂತ ನಗೋರಿಗೆ ಒಂದು ಲೆಕ್ಕ ಹೇಳ್ತೀನಿ.

2013ರಲ್ಲಿ ಕರ್ನಾಟಕದಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂತು. ಜನಸಂಖ್ಯೆಗೆ ತಕ್ಕಂತೆ ದಲಿತರಿಗೆ, ಆದಿವಾಸಿಗಳಿಗೆ ಬಜೆಟ್ ಹಣ ಎತ್ತಿಡಬೇಕು ಅಂತ. ನಾವೆಲ್ಲ ಪಟಾಕಿ ಹೊಡೆದ್ವಿ. ಆ ಕಾಯ್ದೆ ಒಳಗೆ 7ನೇ ಸೆಕ್ಷನ್, ಅದರೊಳಗೆ 'ಡಿ' ಅಂತ ಒಂದು ಉಪಕಲಂ. ಎಲ್ಲರಿಗೂ ಸೇರಿದ ರಸ್ತೆಯಂಥ ಕಾಮಗಾರಿಯಲ್ಲಿ, ದಲಿತರ ಪಾಲು ಇಷ್ಟು ಅಂತ ಬೇರೆ ಮಾಡಕ್ಕಾಗದಿದ್ರೂ, ಒಂದು ಭಾಗ ದಲಿತರಿಗೇ ಖರ್ಚಾಯ್ತು ಅಂತ ಭಾವಿಸಿ ಲೆಕ್ಕ ಬರೀಬಹುದು. 'ಭಾವಿಸಬಹುದು' ಅನ್ನೋ ಆ ತೂತಲ್ಲಿ ವರ್ಷವರ್ಷವೂ ನಮ್ಮ ಹಣ ಸೋರ್ತು. ಅದನ್ನ ಓದಿದವರು, ಹಿಡಿದವರು, ಬೀದಿಗೆ ತಂದವರು ನಮ್ಮ ಸಂಘಟನೆಗಳವರು. 7ಡಿ ತೆಗೆದುಹಾಕಿದ್ದು 2023ರಲ್ಲಿ. ಹತ್ತು ವರ್ಷ!

ಒಂದು ಅಕ್ಷರದ ಉಪಕಲಂ. ಅದು ಎಲ್ಲರ ಕಣ್ಣಿಗೂ ಮೊದಲ ದಿನವೇ ಬಿದ್ದಿದ್ರೆ ಪಟಾಕಿ ಹೊಡೀತಿದ್ವಾ?

6.

ಈಗ ನಮ್ಮೊಳಗಿನ ಮಾತು. ಕೆಲವರಿಗೆ ಖಾರ ಆಗಬಹುದು, ಆಗಲಿ.

ಒಳಮೀಸಲಾತಿ ವಿಷಯ ತಗೊಳ್ಳಿ. 2024ರ ಆಗಸ್ಟ್ 1ರ ಸುಪ್ರೀಂ ಕೋರ್ಟ್ ತೀರ್ಪು 565 ಪುಟ, ಇಂಗ್ಲಿಷ್. 2025ರಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಕೊಟ್ಟ ವರದಿ 1,766 ಪುಟ. ವಾಟ್ಸಾಪ್ ಗ್ರೂಪುಗಳಲ್ಲಿ ಅಣ್ಣತಮ್ಮಂದಿರು ಕತ್ತು ಹಿಡ್ಕೊಂಡು ಜಗಳ ಆಡಿದ್ರು. ಎಡಗೈ, ಬಲಗೈ ಎರಡೂ ಕಡೆಯವರನ್ನ ಕೇಳ್ತೀನಿ: ನಮ್ಮಲ್ಲಿ ಎಷ್ಟು ಜನ ಅದರ ಹತ್ತು ಪುಟ ಓದಿದ್ವಿ? ಓದಿದ ಹತ್ತು ಮಂದಿ ಕೂತು, ನಂಬರ್ ಹಾಕಿ, ಹತ್ತು ಪುಟದಲ್ಲಿ ಕೇರಿ ಕನ್ನಡದಲ್ಲಿ ಬರೆದು ಮನೆಮನೆಗೆ ಯಾಕೆ ಹಂಚಲಿಲ್ಲ? ಓದಕ್ಕಾಗದ ಕಡೆ ವದಂತಿ ಬಂದು ಕೂರುತ್ತೆ. ವದಂತಿಗೆ ಪ್ಯಾರಾ ಇರಲ್ಲ, ಒತ್ತಕ್ಷರ ಇರಲ್ಲ. ಒಂದೇ ಸಾಲು, ಎಲ್ಲರಿಗೂ ಅರ್ಥ ಆಗುತ್ತೆ.

ನಮ್ಮ ಕರಪತ್ರ ನೋಡಿ. ಎ4 ಹಾಳೆಯ ಎರಡೂ ಬದಿ, ಇರುವೆ ಸಾಲಿನಂಥ ಅಕ್ಷರ, ಅಂಚಿಗೂ ಜಾಗ ಇಲ್ಲ. ಕೆಳಗೆ ಮೂವತ್ತು ಜನ ಪದಾಧಿಕಾರಿಗಳ ಹೆಸರು ಮಾತ್ರ ದಪ್ಪ ಅಕ್ಷರದಲ್ಲಿ. ಸ್ವಾಮಿ, ಇದು ಯಾರಿಗೋಸ್ಕರ?

ಇನ್ನು ಬಾಬಾಸಾಹೇಬರ ಹೆಸರಲ್ಲಿ ನಾಚಿಕೆ ಮಾಡಿಸೋದು. ಅವರು ಓದಿದ್ದು ಹೌದು, ಮುಂಬೈಯಲ್ಲಿ ಪುಸ್ತಕ ಇಡಕ್ಕೆ ಅಂತಲೇ ರಾಜಗೃಹ ಕಟ್ಟಿಸಿದ್ದೂ ಹೌದು. ಆದ್ರೆ ಅವರು ಓದಿದ್ದು ನಮ್ಮ ಎದುರು ದೊಡ್ಡವರಾಗಕ್ಕಲ್ಲ. ಕೊಲಂಬಿಯಾದಲ್ಲಿ ಓದಿ ಬಂದ ಮನುಷ್ಯ 1920ರಲ್ಲಿ 'ಮೂಕನಾಯಕ' ಶುರು ಮಾಡಿದ್ದು ಮರಾಠಿಯಲ್ಲಿ. ಅವರು ಅಧ್ಯಕ್ಷರಾಗಿದ್ದ ಕರಡು ಸಮಿತಿ ಕೊಟ್ಟ ಸಂವಿಧಾನದಲ್ಲಿ ಅಸ್ಪೃಶ್ಯತೆಯನ್ನ ರದ್ದು ಮಾಡೋ 17ನೇ ವಿಧಿ ಎಷ್ಟುದ್ದ ಇದೆ ಗೊತ್ತಾ? ಎರಡೇ ವಾಕ್ಯ. ಸಾವಿರಾರು ವರ್ಷದ ಪಾಪಕ್ಕೆ ಎರಡು ವಾಕ್ಯ ಸಾಕಾಯ್ತು. ಏಳು ದಿನದ ಗಡುವಿಗೆ ನಿಮಗೆ ಒಂದೂಕಾಲು ಪುಟ ಬೇಕಾ?

ಪೀಠಿಕೆಯನ್ನ ನೋಡಿ. ಅದು ಇಡೀ ಒಂದೇ ವಾಕ್ಯ. ಆದರೂ ಹಾಸ್ಟೆಲ್ ಮಕ್ಕಳು ಒಟ್ಟಿಗೆ ನಿಂತು ಓದ್ತಾರೆ, ನಾನೂ ತೊದಲದೆ ಓದ್ತೀನಿ. ಹೇಗೆ? ನ್ಯಾಯಕ್ಕೆ ಒಂದು ಸಾಲು, ಸ್ವಾತಂತ್ರ್ಯಕ್ಕೆ ಒಂದು ಸಾಲು, ಸಮಾನತೆಗೆ ಒಂದು ಸಾಲು, ಭ್ರಾತೃತ್ವಕ್ಕೆ ಒಂದು ಸಾಲು. ಒಡೆದು ಬರೆದಿದ್ದಾರೆ. ಅದನ್ನೇ ನಿಮ್ಮ ಕಚೇರಿ ನೋಟಿಸ್ ಥರ ಒಂದೇ ಗುಡ್ಡೆ ಮಾಡಿ ಅಚ್ಚು ಹಾಕಿ ಕೊಡಿ, ನೋಡೋಣ. ಎಷ್ಟು ಜನ ಓದ್ತೀರೋ!

ಶ್ರೀರಾಂಪುರದ ಕೊಳೆಗೇರಿಯಲ್ಲಿ ಬೆಳೆದ ಸಿದ್ದಲಿಂಗಯ್ಯನವರ ಹಾಡುಗಳು ದಸಂಸ ಕಾಲದಲ್ಲಿ ಅಕ್ಷರ ಬಾರದವರ ಬಾಯಲ್ಲೂ ಇದ್ದವು. ಯಾರೂ ಅವರನ್ನ 'ಓದಿಲ್ಲ, ನಾಚಿಕೆ ಆಗಬೇಕು' ಅನ್ನಲಿಲ್ಲ. ಹಾಡು ಅವರ ಹತ್ರ ನಡ್ಕೊಂಡು ಹೋಯ್ತು.

7.

ಕೆಲಸಕ್ಕೆ ಬರೋದು. ಇದೆಲ್ಲ ನಾನು ಬಿದ್ದು ಎದ್ದು ಕಲಿತಿದ್ದು.

• ಮೊದಲಿಂದ ಓದಬೇಡಿ. ಕನ್ನಡದಲ್ಲಿ ಕ್ರಿಯಾಪದ ಕೊನೇಲಿ ಇರುತ್ತೆ. ಹದಿನಾಲ್ಕು ಸಾಲಿನ ವಾಕ್ಯ ಆದ್ರೆ ಮೊದಲು ಅದರ ಬಾಲ ಹಿಡೀರಿ: 'ತಿರಸ್ಕರಿಸಲಾಗಿದೆ', 'ಮಂಜೂರು ಮಾಡಲಾಗಿದೆ', 'ಸಲ್ಲಿಸತಕ್ಕದ್ದು'. ಆಯ್ತೋ ಇಲ್ಲವೋ, ನಾವು ಏನಾದ್ರೂ ಮಾಡಬೇಕೋ, ಅಲ್ಲೇ ಗೊತ್ತಾಗುತ್ತೆ.

• ಎರಡನೇದು, ಅಂಕಿ ಹುಡುಕಿ. ದಿನಾಂಕ, ದಿನ, ರೂಪಾಯಿ. ಅಂಕಿ ಸುತ್ತ ಪೆನ್ಸಿಲ್‌ನಲ್ಲಿ ಸೊನ್ನೆ ಹಾಕಿ. ಗಡುವು ಸಾಮಾನ್ಯವಾಗಿ ಅಲ್ಲೇ ಇರುತ್ತೆ.

• ಮೂರನೇದು, ಕಳ್ಳ ಪದ ಹುಡುಕಿ: 'ಹೊರತುಪಡಿಸಿ', 'ಷರತ್ತಿಗೊಳಪಟ್ಟು', 'ತಪ್ಪಿದಲ್ಲಿ', 'ಪರಿಗಣಿಸಲಾಗುವುದಿಲ್ಲ', 'ಭಾವಿಸತಕ್ಕದ್ದು'. ಕೊಟ್ಟಿದ್ದನ್ನ ಕಿತ್ತುಕೊಳ್ಳೋ ಪದಗಳಿವು.

• ಸರ್ಕಾರದ ಆದೇಶ ಆದ್ರೆ 'ವಿಷಯ' ನೋಡಿ, ಆಮೇಲೆ 'ಓದಲಾಗಿದೆ', 'ಪ್ರಸ್ತಾವನೆ' ಎರಡನ್ನೂ ಹಾರಿಸಿ, 'ಸರ್ಕಾರದ ಆದೇಶ ಸಂಖ್ಯೆ' ಅನ್ನೋ ಕಡೆಯಿಂದ ಓದಿ. ತೀರ್ಮಾನ ಅಲ್ಲಿದೆ. ಹಿಂದಿನ ಕತೆ ಬೇಕಾದ್ರೆ ಆಮೇಲೆ.

• ಸಾಲು ಜಾರ್ತಿದ್ರೆ ಸ್ಕೇಲ್ ಅಥವಾ ಮಡಚಿದ ಕಾಗದ ಇಟ್ಟು ಒಂದೊಂದೇ ಸಾಲು ತೆರೀರಿ. ಮಾತು ಮುರಿಯೋ ಕಡೆ ಪೆನ್ಸಿಲ್‌ನಲ್ಲಿ ಓರೆ ಗೀಟು ಎಳೀರಿ. ಜೆರಾಕ್ಸ್ ಅಂಗಡೀಲಿ ದೊಡ್ಡದು ಮಾಡಿ ಕೊಡಿ ಅಂದ್ರೆ ಕೊಡ್ತಾರೆ. ಮೂಲ ಪ್ರತಿ ಮೇಲೆ ಮಾತ್ರ ಏನೂ ಬರೀಬೇಡಿ.

• ಫೋನಲ್ಲಿ ಗೂಗಲ್ ಲೆನ್ಸ್‌ನಿಂದ ಫೋಟೋ ತೆಗೆದ್ರೆ ಅಕ್ಷರ ಬೇರೆಯಾಗಿ ಬರುತ್ತೆ, ಅದನ್ನ ಗಟ್ಟಿಯಾಗಿ ಓದಿಸಬಹುದು. ಮಸುಕು ಜೆರಾಕ್ಸ್ ಆದ್ರೆ ತಪ್ಪು ಓದುತ್ತೆ. ದಿನಾಂಕ, ಸರ್ವೆ ನಂಬರ್ ಮಾತ್ರ ಕಣ್ಣಲ್ಲೇ ನೋಡಿ.

• ಗಟ್ಟಿಯಾಗಿ ಓದಿ. ಇಬ್ಬರು ಕೂತು ಓದಿ. ಒಬ್ಬರು ಓದಲಿ, ಒಬ್ಬರು 'ಅಂದ್ರೆ ಏನು?' ಅಂತ ಕೇಳ್ತಾ ಇರಲಿ. ಆ ಪ್ರಶ್ನೆ ಕೇಳೋರು ದಡ್ಡರಲ್ಲ. ಆ ಕೋಣೆಯಲ್ಲಿ ಅವರೇ ಮುಖ್ಯ.

• ಅರ್ಥ ಆಗೋವರೆಗೂ ಸಹಿ ಹಾಕಬೇಡಿ. 'ನಾಳೆ ಹಾಕ್ತೀನಿ' ಅನ್ನೋದು ನಮ್ಮ ಹಕ್ಕು.

8.

ಓದಿ ಹೇಳಿ ಅಂತ ಕೇಳೋದು ಭಿಕ್ಷೆ ಅಲ್ಲ. ಕಾನೂನಲ್ಲೇ ಇದೆ.

ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಯ್ತು. ಅದರ 4ನೇ ಸೆಕ್ಷನ್ ಹೇಳುತ್ತೆ: ನಾವು ಬಾಯಲ್ಲಿ ಹೇಳಿದ ದೂರನ್ನ ಪೊಲೀಸರು ಬರ್ಕೊಂಡ ಮೇಲೆ, ಸಹಿ ಹಾಕಿಸಿಕೊಳ್ಳೋ ಮುಂಚೆ ನಮಗೆ ಓದಿ ಹೇಳಬೇಕು. ಪರಿಶಿಷ್ಟ ಜಾತಿ-ಪಂಗಡಕ್ಕೆ ಸೇರದ ಅಧಿಕಾರಿ ಬೇಕಂತಲೇ ಈ ಕರ್ತವ್ಯ ಮಾಡದಿದ್ರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು. ಓದಿ ಹೇಳದೇ ಸಹಿ ತಗೊಳ್ಳೋದು ದಲಿತರಿಗೆ ಎಷ್ಟು ದೊಡ್ಡ ಅನ್ಯಾಯ ಅಂತ ಪಾರ್ಲಿಮೆಂಟಿಗೇ ಅರ್ಥ ಆಗಿದೆ.

2016ರ ವಿಕಲಚೇತನರ ಕಾಯ್ದೆ 'ಸಂವಹನ' ಅಂದ್ರೆ ಏನು ಅಂತ ಹೇಳುವಾಗ ಬ್ರೈಲ್, ದೊಡ್ಡ ಅಕ್ಷರದ ಜೊತೆಗೆ ಸರಳ ಭಾಷೆಯನ್ನೂ, ಓದಿ ಹೇಳೋ ಮನುಷ್ಯನನ್ನೂ ಸೇರಿಸಿದೆ.

ಹಂಗಾದ್ರೆ ಠಾಣೆಯಲ್ಲಿ ಇರೋ ನಿಯಮ ಎಲ್ಲಾ ಕಚೇರಿಗೂ ಯಾಕೆ ಬೇಡ? ನಮ್ಮ ಬೇಡಿಕೆ ನಾಲ್ಕೇ:

ಒಂದು, ಪ್ರತಿ ನೋಟಿಸ್‌ನ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಮೂರು ಸಾಲು: ಏನಾಗಿದೆ, ನೀವು ಏನು ಮಾಡಬೇಕು, ಯಾವತ್ತಿನೊಳಗೆ.

ಎರಡು, ಒಂದು ಅಂಶಕ್ಕೆ ಒಂದು ನಂಬರ್, ಒಂದು ಪ್ಯಾರಾ.

ಮೂರು, ಕೇಳಿದವರಿಗೆ ಓದಿ ಹೇಳಕ್ಕೆ ಪ್ರತಿ ಕಚೇರಿಯಲ್ಲಿ ಒಬ್ಬ ಮನುಷ್ಯ. ಆದೇಶಗಳನ್ನ ಸ್ಕ್ಯಾನ್ ಮಾಡಿದ ಚಿತ್ರವಾಗಿ ಹಾಕದೆ, ಫೋನ್ ಓದಕ್ಕಾಗೋ ಅಕ್ಷರದಲ್ಲೇ ಹಾಕಬೇಕು.

ನಾಲ್ಕು, ಸರ್ಕಾರಿ ಶಾಲೆ, ಹಾಸ್ಟೆಲ್ ಮಕ್ಕಳಲ್ಲಿ ಯಾರು ಓದಕ್ಕೆ ತೊದಲ್ತಾರೋ ಅವರಿಗೆ ಸರ್ಕಾರದ ಖರ್ಚಲ್ಲೇ ಕಣ್ಣಿನ ಪರೀಕ್ಷೆ, ಕಲಿಕೆಯ ಪರೀಕ್ಷೆ. ಜಾತಿ ನೋಡಿ ಉತ್ತರ ಹೇಳೋದು ನಿಲ್ಲಬೇಕು.

ಈ ನಾಲ್ಕರಲ್ಲಿ ಮೊದಲ ಎರಡಕ್ಕೆ ಬಜೆಟ್ ಬೇಡ, ಮನಸ್ಸು ಸಾಕು. ಅವನ್ನ ನಮ್ಮ ಸಂಘಟನೆಗಳ ಕರಪತ್ರದಿಂದಲೇ ಶುರು ಮಾಡೋಣ.

9.

ಆ ಅಕ್ಕನ ನೋಟಿಸ್ ಏನಾಯ್ತು ಅಂತ ಕೇಳ್ತೀರಿ. ಆರನೇ ದಿನ ಜೆರಾಕ್ಸ್ ಮಾಡಿಸಿ, ಏಳನೇ ದಿನ ಕಚೇರಿಗೆ ಹೋಗಿ ದಾಖಲೆ ಕೊಟ್ಟು, ಸ್ವೀಕೃತಿಗೆ ಸೀಲ್ ಹಾಕಿಸಿಕೊಂಡು ಬಂದ್ವಿ. ಹೆಸರು ಉಳಿಯುತ್ತೋ ಇಲ್ಲವೋ ಇನ್ನೂ ಗೊತ್ತಿಲ್ಲ. ಕೌಂಟರಲ್ಲಿ ಕೂತಿದ್ದವರು ಅವರನ್ನ ನೋಡಿ "ಯಾಕಮ್ಮ ಕೊನೇ ದಿನದವರೆಗೂ ಕಾಯ್ತೀರ? ನೋಟಿಸ್ ಓದಲ್ವಾ?" ಅಂದ್ರು.

ಅಕ್ಕ ಆ ಕಾಗದ ಅವರ ಮುಂದೆ ಇಟ್ಟು, "ನೀವೇ ಒಂದ್ಸಾರಿ ಗಟ್ಟಿಯಾಗಿ ಓದಿ ಸಾರ್, ಕೇಳ್ತೀನಿ" ಅಂದ್ರು.

ಅವರು ಓದಕ್ಕೆ ಶುರು ಮಾಡಿದ್ರು. ಆರನೇ ಸಾಲಿಗೆ ನಿಂತು, ಮತ್ತೆ ಮೊದಲಿಂದ ಶುರು ಮಾಡಿದ್ರು.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಮನೆ ಜಗುಲಿ ಮೇಲೆ ಕೂರ್ತೀವಿ. ಏರಿಯಾದವರು ಯಾವ ಕಾಗದ ಬೇಕಾದ್ರೂ ತನ್ನಿ, ಒಟ್ಟಿಗೆ ಒಡೆಯೋಣ. ಪಿಯುಸಿ ಹುಡುಗಿ ಬರ್ತೀನಿ ಅಂದಿದ್ದಾಳೆ. ಆ ಭಾಷಣ ಮಾಡಿದ ಅಣ್ಣನನ್ನೂ ಕರೆದಿದ್ದೀನಿ. ಹದಿನೆಂಟು ಗಂಟೆ ಬೇಡ ಅಣ್ಣ, ಎರಡು ಗಂಟೆ ಬನ್ನಿ. ಓದಿ ಹೇಳಕ್ಕೆ.

ಜೈ ಭೀಮ್.